ಎರಡು ಬಕೆಟ್ಟಿನ ವ್ಯಾಯಾಮಶಾಲೆ

ಮೈ ಗಟ್ಟಿಮಾಡಿಕೊಳ್ಳಲು ಎರಡು ಬಕೆಟ್ಟು, ನಾಲ್ಕು ಮೆಟ್ಟಿಲಿದ್ದರೆ ಸಾಕು ಎಂಬುದು ನನ್ನ ಹಟ. ನೀವು ನಗಬಹುದು, ಆಫೀಸಿನಲ್ಲಿ ಎಲ್ಲರೂ ನಕ್ಕಾಗಿದೆ. ಪಕ್ಕದ ಮೇಜಿನ ರಾಯರು ಅಂಧೇರಿಯ ತಮ್ಮ ಮನೆಯಲ್ಲಿ ಎದೆ ಹಿಗ್ಗಿಸುವ ಸ್ಪ್ರಿಂಗು, ಕಬ್ಬಿಣದ ಗುಂಡು, ಗೋಡೆಗೊಂದು ವ್ಯಾಯಾಮದ ಪಟ ಎಲ್ಲ ಇಟ್ಟಿದ್ದಾರೆ. ಸೋಮವಾರ ಭುಜ, ಮಂಗಳವಾರ ತೊಡೆ ಎಂದು ಅವರು ವಿವರಿಸುವಷ್ಟರಲ್ಲೇ ನನಗೆ ಸುಸ್ತಾಗುತ್ತದೆ. ಆದರೂ, ಲೋಕಲ್ ರೈಲಿನ ನೂಕಾಟದಲ್ಲಿ ದಾದರಿನಲ್ಲಿ ಇಳಿಯಲಾರದೆ ಮೂರು ಸಲ ಮುಂದಿನ ಸ್ಟೇಷನ್ ನೋಡಿಬಂದ ಮೇಲೆ ನನಗೂ ತೋಳಿನಲ್ಲಿ ಕಸುವು ಬೇಕೆನಿಸಿತು.

ದಾರಿ ತೋರಿದವನು ಬಸಪ್ಪ. ಕುರ್ಲಾದ ನಮ್ಮ ಚಾಳಿನಲ್ಲೇ, ಅಂದರೆ ಮೂರು ಮಾಳಿಗೆಯ ವಠಾರದಲ್ಲೇ, ಕೆಳಗಿನ ಒಂಟಿಕೋಣೆಯ ಖೋಲಿಯಲ್ಲಿದ್ದಾನೆ. ಬಿಜಾಪುರದ ಕಡೆಯವನು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾನೆ. "ಸ್ಪ್ರಿಂಗ್ ಯಾಕ್ರೀ ಸಾಹೇಬ್ರ? ಕೆಳಗಿನ ನಳದ ನೀರು ದಿನಾ ಮೂರನೇ ಮಾಳಿಗಿಗೆ ನೀವ ಹೊರ್ರಿ. ಮೈ ತಾನ ಬರ್ತೈತಿ" ಎಂದ. ಹೊತ್ತೆ. ಎರಡನೇ ಮಾಳಿಗೆಯ ತಿರುವಿನಲ್ಲಿ ಬಕೆಟ್ ಇಳಿಸಿ ಸ್ವಲ್ಪ ಹೊತ್ತು ಆಕಾಶ ನೋಡುವುದು ನನ್ನ ಅಭ್ಯಾಸ. ಅದನ್ನು ವಿಶ್ರಾಂತಿ ಎಂದು ಯಾರೂ ಕರೆಯಕೂಡದು.

ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಪ್ರತಿ ಮಾಳಿಗೆಗೂ ನಳ ಹಾಕಿಸಬೇಕೆಂದು ಚಾಳಿನವರು ಸಭೆ ಸೇರಿದರು. ನನ್ನ ವ್ಯಾಯಾಮಶಾಲೆಗೇ ಸಂಚಕಾರ! ಎದ್ದು ನಿಂತು, ನಳ ಬಂದರೆ ಇಡೀ ಚಾಳು ಸೊರಗಿಹೋಗುತ್ತದೆಂದು ಮುರುಕು ಹಿಂದಿಯಲ್ಲಿ ಭಾಷಣ ಬಿಗಿದೆ. ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ನಿಂತಿದ್ದ ಹೆಂಗಸರ ನಡುವಿನಿಂದ ನನ್ನ ಹೆಂಡತಿ ಶಾರದೆ ಮುಂದೆ ಬಂದಳು.

"ನೀವು ಹೊತ್ತಿದ್ದು ಎರಡು ತಿಂಗಳು. ಅದಕ್ಕೆ ಮುಂಚೆ ಎಂಟು ವರ್ಷ ನಾನು ಹೊತ್ತೆನಲ್ಲ, ಆಗ ಯಾಕ್ರೀ ಇದು ವ್ಯಾಯಾಮ ಅನ್ನಿಸ್ಲಿಲ್ಲ?"

ಕನ್ನಡದಲ್ಲಿ ಹೇಳಿದಳು, ಮರ್ಯಾದೆ ಉಳಿಯಿತೆಂದುಕೊಂಡೆ. ಆದರೆ ಬಸಪ್ಪ, "ಅಕ್ಕಾವ್ರು ಹೇಳಿದ್ದು ಖರೇ ಐತ್ರಿ" ಎಂದವನೇ ಅದನ್ನು ಎಲ್ಲರಿಗೂ ಹಿಂದಿಯಲ್ಲಿ ಸಾರಿಬಿಟ್ಟ. ನಳದ ವಿರುದ್ಧ ಎದ್ದದ್ದು ನನ್ನದೊಂದೇ ಕೈ. ನಾಚಿಕೆಯಾಯಿತು, ನಿಜ; ಕೈ ಮಾತ್ರ ಇಳಿಸಲಿಲ್ಲ.

ನಳ ಬಂತು. ಮರುದಿನವೂ ನಾನು ಹಟಕ್ಕೆ ಬಿದ್ದು ಕೆಳಗಿನಿಂದಲೇ ನೀರು ಹೊತ್ತೆ. ಎರಡನೇ ಮಾಳಿಗೆಯಲ್ಲಿ ಆಕಾಶ ನೋಡುತ್ತಿದ್ದಾಗ ಶಾರದೆ ಮಾರ್ಕೆಟ್ಟಿನಿಂದ ಬಂದಳು. ತರಕಾರಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಬಕೆಟ್ ಎತ್ತಿಕೊಂಡು, ಸೊಪ್ಪಿನವಳ ಮೋಸವನ್ನು ವಿವರಿಸುತ್ತ ಒಂದೇ ಉಸಿರಿಗೆ ಮೇಲೆ ಹತ್ತಿಹೋದಳು.

ಈಗಲೂ ಹೇಳುತ್ತೇನೆ: ಸ್ಪ್ರಿಂಗು ಬೇಡ, ಪಟ ಬೇಡ, ಎರಡು ಬಕೆಟ್ ಸಾಕು. ನಂಬದಿದ್ದರೆ ರಾಯರು ನಮ್ಮ ಮನೆಗೆ ಬಂದು ಕೈ ಹಿಡಿದು ನೋಡಲಿ. ನನ್ನದಲ್ಲ, ಶಾರದೆಯದು.