ಮಿಕ್ಸರಿನ ಮೇಲೆ ಬಂದ ಅಪವಾದ

ಅಂದು ಬೆಳಿಗ್ಗೆಯೂ ಎದ್ದು ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಒಲೆಯ ಮೇಲೆ ಚಹಾಕ್ಕಿಟ್ಟು, ನೇರವಾಗಿ ಹೋಗಿ ಕರೆಂಟಿನ ಮೀಟರಿನ ಮುಂದೆ ನಿಂತೆ. ದೇವರ ಮುಂದೆ ನಿಲ್ಲುವುದು ಆಮೇಲೆ. ಹದಿನೈದು ದಿನಗಳಿಂದ ನನ್ನ ಪದ್ಧತಿಯೇ ಹೀಗಾಗಿತ್ತು. ಗಾಜಿನೊಳಗೆ ತಿರುಗುವ ತಗಡಿನ ಚಕ್ರಕ್ಕೆ ಒಂದು ಕೆಂಪು ಗುರುತಿದೆ. ಅದೊಮ್ಮೆ ಎದುರಿಗೆ ಹಾದುಹೋದರೆ ನನ್ನ ಎದೆ ಎರಡು ಸಲ ಹೊಡೆದುಕೊಳ್ಳುತ್ತಿತ್ತು.

ಇದಕ್ಕೆಲ್ಲ ಕಾರಣ ನನ್ನ ಮಿಕ್ಸರ್. ಎರಡು ತಿಂಗಳ ಹಿಂದೆ ತವರಿನಿಂದ ಅದು ಅಣ್ಣಿಗೇರಿಯ ಈ ಮನೆಗೆ ಬಂತು, ಆ ತಿಂಗಳಿಂದಲೇ ಬಿಲ್ಲು ಇಮ್ಮಡಿಯಾಯಿತು. ಶಾಲೆಯ ಮಾಸ್ತರರಾದ ನಮ್ಮವರು, ಇನ್ನೊಂದು ಬಿಲ್ಲು ಹೀಗೇ ಬಂದರೆ ಮಿಕ್ಸರನ್ನು ತವರಿಗೇ ಮುಟ್ಟಿಸಿ ಬರುವುದಾಗಿ ಹೇಳಿದರು. ನಾನು ಹೆದರಿ ಒರಳಿನ ಮುಂದೆ ಕುಳಿತೆ. ಆದರೂ ಅತ್ತೆಯವರ ಸಂಶಯ ಹೋಗಲಿಲ್ಲ. “ಅದು ಸುಮ್ನ ಕುಂತರೂ ಕರೆಂಟ್ ಕುಡೀತದವಾ, ಬೆಕ್ಕು ಹಾಲು ಕುಡಿದಂಗ, ಸಪ್ಪಳಿಲ್ಲದ,” ಎಂದರು. ಕಾನ್ವೆಂಟಿನಲ್ಲಿ ವಿಜ್ಞಾನ ಓದಿದವಳು ನಾನು, ನಕ್ಕುಬಿಟ್ಟೆ. ನಕ್ಕ ಮೇಲೆ ಒಳಗೆ ಹೋಗಿ ಪ್ಲಗ್ ಕಿತ್ತೆ. ಅಷ್ಟಕ್ಕೂ ಧೈರ್ಯ ಸಾಲದೆ ಮಿಕ್ಸರಿಗೆ ಹಳೆಯ ಟವೆಲು ಸುತ್ತಿ ಕಪಾಟಿನಲ್ಲಿಟ್ಟೆ.

ಉಳಿದ ಉಳಿತಾಯಗಳನ್ನು ಹೇಳಿದರೆ ನೀವು ನಗುತ್ತೀರಿ. ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿದೆ. ರೇಡಿಯೋದಲ್ಲಿ ವಾರ್ತೆಯ ಮುಖ್ಯಾಂಶಗಳಷ್ಟೇ ಸಾಕೆಂದೆ. ನಮ್ಮವರು ಸಂಜೆಯ ಮಬ್ಬಿನಲ್ಲಿ ಕಟ್ಟೆಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದತೊಡಗಿದರು. ತಪ್ಪುಗಳು ಕಾಣದೆ ಏಳನೆಯ ಇಯತ್ತೆ ಪೂರ್ತಿ ಪಾಸಾಯಿತು.

ಅಂದು ಮನೆಯಲ್ಲಿ ಯಾರೂ ಇಲ್ಲದಾಗ ಎಲ್ಲ ಸ್ವಿಚ್ಚುಗಳನ್ನು ಬೆರಳು ಮಡಚಿ ಎಣಿಸಿ ಆರಿಸಿದೆ. ಮತ್ತೆ ಮೀಟರಿನ ಮುಂದೆ ನಿಂತೆ. ಚಕ್ರ ತಿರುಗುತ್ತಲೇ ಇತ್ತು, ದಿನ ತುಂಬಿದ ಬಸುರಿಯ ಹಾಗೆ ಮೆಲ್ಲಗೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಪ್ರಾರ್ಥನೆ ಹೇಳಿದೆ, ಅತ್ತೆಯವರು ಕಲಿಸಿದ ಸ್ತೋತ್ರವನ್ನೂ ಹೇಳಿದೆ. ಎರಡೂ ಚಕ್ರಕ್ಕೆ ತಾಗಲಿಲ್ಲ. ಹಾಗಾದರೆ ಮೀಟರೇ ಕಳ್ಳ! ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ಇದನ್ನು ಎಷ್ಟು ಖಚಿತವಾಗಿ ವಾದಿಸಿದೆನೆಂದರೆ, ಅವರು ಕೈತೊಳೆದು ಬಂದು, ದೂರಿನ ಅರ್ಜಿಯನ್ನು ನನ್ನಿಂದಲೇ ಇಂಗ್ಲಿಷಿನಲ್ಲಿ ಬರೆಸಿಕೊಂಡು ಟಪಾಲಿಗೆ ಹಾಕಿ ಬಂದರು. ನನ್ನ ಮಿಕ್ಸರ್ ಉಳಿಯಿತು ಎಂದುಕೊಂಡೆ.

ಸಂಜೆ ಬಾಜು ಮನೆಯ ಹುಸೇನಬಿ ಬಂದಳು. ನಮ್ಮೆರಡು ಮನೆಗಳ ಮಣ್ಣಿನ ಮಾಳಿಗೆಗಳು ಕೂಡಿಕೊಂಡಿವೆ. ಅಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಮೊರದಲ್ಲಿ ತುಂಬಿಕೊಂಡು ಇಳಿದಿದ್ದಳು. ಅತ್ತೆಯವರೂ ನಮ್ಮವರೂ ಅಲ್ಲೇ ಕಟ್ಟೆಯ ಮೇಲಿದ್ದರು. ಅವರೆದುರು ಮೀಟರಿನ ಕಳ್ಳತನವನ್ನೆಲ್ಲ ಆಕೆಗೆ ವಿವರಿಸಿದೆ. ಆಕೆ ಕಾಯಿಯ ತೊಟ್ಟು ಮುರಿಯುತ್ತ ಕೇಳಿಸಿಕೊಂಡಳು.

“ಇರಬೇಕ್ರಿ ಅಕ್ಕಾರ,” ಎಂದಳು, ತಲೆಯೆತ್ತದೆ. “ನೀವು ಜ್ವಾಳದ ಚೀಲ ಇಡಿಸಿ ಕಾಳಿನ ಖೋಲಿಗೆ ಕೀಲಿ ಹಾಕಿದಾಗಿಂದ ಎರಡು ತಿಂಗಳಾತು, ಬೆಳಕಿಂಡಿಯೊಳಗ ಹಗಲೂ ರಾತ್ರಿ ಲೈಟ್ ಕಾಣತದ. ಇಲಿ ಬರಬಾರದಂತ ಹಚ್ಚಿಟ್ಟೀರೇನು? ಛಲೋ ಆತು ಬಿಡ್ರಿ, ಮಾಳಿಗಿ ಮ್ಯಾಲ ನಾವು ಎಡವೂದು ತಪ್ಪಿತು.”