ತಮ್ಮನ ಸಂಶೋಧನೆಗೆ ನಾನು ಹಾಕಿದ ಹೊಗೆ

ಓದಿದವರಿಗೆ ಓದದವರು ಮಾಡುವ ಅನಾಹುತಗಳೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆಗುತ್ತವೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ನನ್ನ ತಮ್ಮ ತಿಪ್ಪೇಸ್ವಾಮಿಗೆ ಮಾಡಿದ್ದೂ ಅಂಥದ್ದೇ. ಆಮೇಲೆ ಹೇಳಿದ ಸುಳ್ಳಿದೆಯಲ್ಲ, ಅದಕ್ಕೆ ಮಾತ್ರ ಆ ನೆಪವೂ ಇಲ್ಲ.

ಅವನು ಮೈಸೂರಿನಲ್ಲಿ ಚರಿತ್ರೆಯ ಸಂಶೋಧನೆ ಮಾಡುತ್ತಿದ್ದ. ನಮ್ಮ ಕಡೆಯ ಹುಡುಗರು ಚರಿತ್ರೆ ಓದಿದರೆ ದುರ್ಗದ ಕೋಟೆಯ ಮೇಲೆ ಬರೆಯುತ್ತಾರೆ, ಬೆಳಿಗ್ಗೆ ಬಸ್ಸು ಹತ್ತಿ ನೋಡಿ ಊಟಕ್ಕೆ ಮನೆಗೆ ಬರಬಹುದು. ಇವನು ಹಿಡಿದಿದ್ದು ತುರ್ಕಿಯ ಸುಲ್ತಾನರನ್ನು, ಯುರೋಪಿನ ರಾಜರನ್ನು, ಅವರಿಬ್ಬರ ಗಡಿಯಲ್ಲಿ ಪ್ಲೇಗಿಗಾಗಿ ನಡೆಯುತ್ತಿದ್ದ ತಪಾಸಣೆಯನ್ನು. ಬರೆದು ಮುಗಿಸಲು ಹಿರೇಗುಂಟನೂರಿನ ನಮ್ಮ ಮನೆಗೆ ಬಂದಿದ್ದ. ಸೋಮವಾರ ಒಪ್ಪಿಸಿದರೆ ಕಾಲೇಜಿನಲ್ಲಿ ಮೇಷ್ಟ್ರ ಕೆಲಸ ಖಾತ್ರಿ. ನಾನು ಮುದ್ದೆ ತೊಳಸುತ್ತಿದ್ದರೆ ಬಾಗಿಲಲ್ಲಿ ಕೂತು ಓದಿ ಹೇಳುತ್ತಿದ್ದ.

"ತುರ್ಕಿ ಕಡೆಯಿಂದ ಬಂದೋರನ್ನ ಗಡಿಯಾಗೆ ನಲವತ್ತು ದಿನ ಕೂಡಿ ಹಾಕೋರು ಅಕ್ಕಾ. ರಾಯಭಾರಿ ಆದ್ರೂ ಬಿಡ್ತಿರಲಿಲ್ಲ."

"ಸಂತೆಯಿಂದ ತಂದ ಕುರಿನ ನಾವು ರೊಪ್ಪದ ಹೊರಗೆ ಬೇರೆ ಕಟ್ಟಿ, ಬೇವಿನ ಹೊಗೆ ಹಾಕಲ್ವೇನೋ, ಹಂಗೆ."

"ಅದೇ ಅಕ್ಕಾ! ನಮ್ಮ ಗೈಡಿಗೆ ಇಷ್ಟು ತಿಳಿಸಾಕೆ ಮೂರು ತಿಂಗ್ಳು ಹಿಡೀತು. ಕಾಗದಗಳಿಗೂ ಉಳಿಯಾಗೆ ತೂತು ಹೊಡೆದು ಹೊಗೆ ಹಾಕೋರು."

ಅಂಥ ಒಂದು ಹಳೆಯ ಕಾಗದವನ್ನು ತಾನು ಬರೆದ ಹಾಳೆಗಳ ಕಟ್ಟಿನಿಂದ ತೆಗೆದು ತೋರಿಸಿದ. ಯಾರೋ ನೋಡಲು ಕೊಟ್ಟಿದ್ದರಂತೆ. ಪ್ಲೇಗಿನ ಕಾಗದ ನಮ್ಮ ಮನೆಯಲ್ಲಿ, ಅದೂ ಕುರಿ ಈಯುವ ಕಾಲದಲ್ಲಿ! "ಕಾಗದದಿಂದ ರೋಗ ಬರಲ್ಲ, ಆಗಿನೋರಿಗೆ ಗೊತ್ತಿರಲಿಲ್ಲ" ಎಂದ. ನನಗೆ ತಮ್ಮನಿಗಿಂತ ಆ ಗಡಿಯ ಅಧಿಕಾರಿಗಳ ಮೇಲೆಯೇ ನಂಬಿಕೆ ಹುಟ್ಟಿತು. ಎಷ್ಟಾದರೂ ಸರ್ಕಾರದವರು.

ಮರುದಿನ ಅವನು ದುರ್ಗಕ್ಕೆ ಹೋದಾಗ, ಹಾಳೆಹಾಳೆಗೂ ಹೊಗೆ ತಾಗಲಿ ಎಂದು ಇಡೀ ಕಟ್ಟನ್ನು ಬಿದಿರಿನ ಮಂಕರಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕೆಂಡದ ಮೇಲೆ ಹಸಿ ಬೇವಿನ ಸೊಪ್ಪು ಸುರಿದು ಅದರ ಮೇಲಿಟ್ಟೆ. ಅಷ್ಟರಲ್ಲಿ ಒಂದು ಕುರಿ ಈಯಲಾರದೆ ಒದ್ದಾಡತೊಡಗಿತು. ಮರಿ ಎಳೆದು, ಒರೆಸಿ ಬರುವಷ್ಟರಲ್ಲಿ ಮಂಕರಿಗೆ ಬೆಂಕಿ ಹತ್ತಿತ್ತು. ಬರಿಗೈಯಲ್ಲೇ ಕಟ್ಟನ್ನು ಹೊರಗೆಳೆದೆ. ಹಳೆಯ ಕಾಗದಕ್ಕೆ ಏನೂ ಆಗಿರಲಿಲ್ಲ, ಅದಕ್ಕೆ ರೂಢಿಯಿತ್ತು. ತಮ್ಮನ ಹಾಳೆಗಳು ಮಾತ್ರ ಕೆಳಗಿನಿಂದ ಎರಡು ಬೆರಳಷ್ಟು ಸುಟ್ಟಿದ್ದವು.

"ಒಲೆ ಕಿಡಿ ಹಾರ್ತು ಕಣಪ್ಪಾ, ಓಡಿ ಬಂದು ಎಳ್ಕಂಡೆ" ಎಂದುಬಿಟ್ಟೆ, ಅವನು ದುರ್ಗದಿಂದ ಬಂದ ಕೂಡಲೇ. "ಕೆಳಗಿನ ಸಣ್ಣಕ್ಷರ ತಾನೆ ಹೋಗಿದ್ದು, ಕಥೆ ಪೂರಾ ಐತೆ."

"ಆ ಸಣ್ಣಕ್ಷರದಾಗೇ ಅಕ್ಕಾ ನನ್ನ ಸಾಕ್ಷಿ ಎಲ್ಲಾ ಇದ್ದಿದ್ದು" ಎಂದು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ನನ್ನ ಬೊಬ್ಬೆಯೆದ್ದ ಕೈ ಹಿಡಿದು, "ಹೋಗ್ಲಿ, ಉಳಿದಿದ್ದನ್ನಾದ್ರೂ ಉಳಿಸಿದೆಯಲ್ಲ" ಎಂದ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಾನು ಕೈಗೆ ಬೆಣ್ಣೆ ಹಚ್ಚಿಕೊಂಡೆ.

ಸಾಕ್ಷಿಗಳನ್ನು ಮತ್ತೆ ಹುಡುಕಲು ಒಂದು ವರ್ಷ ಹಿಡಿಯಿತು. ಕೆಲಸ ಬೇರೆಯವರ ಪಾಲಾಯಿತು. ಇವನಿಗೆ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಇನ್ನೂರು ವರ್ಷದ ಹಿಂದಿನ ರಾಯಭಾರಿಗಳ ಸುಳ್ಳನ್ನು ಹಿಡಿಯುವ ನನ್ನ ತಮ್ಮ, ಆ ಸಂಶೋಧನೆ ಪುಸ್ತಕವಾದಾಗ ಅದರ ಮೊದಲ ಪುಟದಲ್ಲೇ "ಹಾಳೆಗಳನ್ನು ಬೆಂಕಿಯಿಂದ ಕಾಪಾಡಿದ ಅಕ್ಕನಿಗೆ" ಎಂದು ಬರೆದ. ಬಂದವರಿಗೆಲ್ಲ ಓದಿ ತೋರಿಸುತ್ತಾನೆ.

ಮೊನ್ನೆ ಎರಡನೆಯ ಪುಸ್ತಕದ ಕಟ್ಟು ತಂದ. "ಮೈಸೂರಿನ ಮನೆಯಾಗೆ ಗೆದ್ದಲು. ನಿನ್ನತ್ರನೇ ಇರ್ಲಿ ಅಕ್ಕಾ. ಬೆಂಕಿ ಬಿದ್ರೂ ನೀನು ಬಿಡಲ್ಲ" ಎಂದು ಇಟ್ಟು ಹೋದ. ಅಂದಿನಿಂದ ನಾನು ಒಲೆ ಹತ್ತಿಸಿಲ್ಲ.

"ಇನ್ನೆಷ್ಟು ದಿನನೇ ಈ ಮಂಡಕ್ಕಿ?" ಎನ್ನುತ್ತಾರೆ ನಮ್ಮ ಮನೆಯವರು.

ತಮ್ಮನಿಗೆ ಒಂದು ಕಾಗದ ಬರೆದು ನಿಜ ಹೇಳಿದರೆ ಅವನೇ ಓಡಿ ಬಂದು ಕಟ್ಟು ಒಯ್ಯುತ್ತಾನೆ, ಇವರಿಗೂ ಬಿಸಿ ಮುದ್ದೆ ಸಿಗುತ್ತದೆ. ನನಗೆ ಗೊತ್ತು. ಆದರೂ ಇವತ್ತೂ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತ ಕೂತಿದ್ದೇನೆ.