ಬೆನ್ನಿನ ರಿಪೇರಿಗೆ ಅಮ್ಮನ ಅಪ್ಪಣೆ

ಯಾರ ಮುಂದೆಯೂ ಬಾಗದವರನ್ನು ಜನ ಮೆಚ್ಚುತ್ತಾರೆ ಎನ್ನುವುದು ಶುದ್ಧ ಸುಳ್ಳು. ನಾನು ಹೈಸ್ಕೂಲಿನಿಂದ ಈಚೆಗೆ ಬಾಗಿಯೇ ಇಲ್ಲ, ಒಬ್ಬರೂ ಮೆಚ್ಚಿಲ್ಲ. ಆಗ ನನ್ನ ಬೆನ್ನುಮೂಳೆ ಸೊಟ್ಟಗೆ ಬೆಳೆಯುತ್ತಿತ್ತು. ಡಾಕ್ಟರು ಲೋಹದ ಸರಳು ಇಟ್ಟು, ಸ್ಕ್ರೂ ಬಿಗಿದು, ಮೂಳೆಗಳನ್ನು ಒಂದಕ್ಕೊಂದು ಬೆಸೆದು ನೆಟ್ಟಗೆ ಮಾಡಿದರು. ಅಂದಿನಿಂದ ನಾನು ನಡುವಿನಲ್ಲಿ ಮಡಚಲು ಬಾರದ ಹೆಂಗಸು. ನನ್ನ ಮದುವೆಯಲ್ಲಿ ಹಿರಿಯರ ಕಾಲಿಗೆ ನಮಸ್ಕರಿಸುವಾಗ ಲಿಫ್ಟಿನ ಹಾಗೆ ಸೀದಾ ಕೆಳಗಿಳಿದು ಸೀದಾ ಮೇಲೆ ಬಂದೆ. ಗಂಡನ ಸೋದರತ್ತೆಯೊಬ್ಬರು ಹುಡುಗಿಗೆ ಬಲು ಜಂಬ ಎಂದು ಊಟದ ಪಂಕ್ತಿಯುದ್ದಕ್ಕೂ ಹೇಳಿಕೊಂಡು ಹೋದರಂತೆ. ನನಗೇನೂ ನಷ್ಟವಾಗಲಿಲ್ಲ. ಕಸ ಗುಡಿಸುವುದು, ಬಾಗಿಲಿಗೆ ರಂಗೋಲಿ ಬಿಡುವುದು ಎರಡೂ ಗಂಡನ ಪಾಲಾದವು. ಅವರ ರಂಗೋಲಿ ನೋಡಲು ಅರಿಶಿನಕುಂಟೆಯ ನಮ್ಮ ಬೀದಿಯವರು ಹಲ್ಲುಜ್ಜುತ್ತಲೇ ಬಂದು ನಿಲ್ಲುತ್ತಿದ್ದರು.

ಹೋದ ವರ್ಷ ಸೊಂಟದ ಮೇಲೆ ನೋವು ಶುರುವಾಯಿತು. ಡಾಕ್ಟರು ಎಕ್ಸ್‌ರೇ ನೋಡಿ, ಒಂದು ಸರಳು ಮುರಿದಿದೆ, ಸ್ಕ್ರೂ ಸಡಿಲವಾಗಿದೆ, ಮತ್ತೆ ತೆರೆದು ಹೊಸದಾಗಿ ಕೂರಿಸಬೇಕು, ತಡ ಮಾಡಿದರೆ ಕಾಲಿನ ನರಕ್ಕೆ ಪೆಟ್ಟು ಎಂದರು. ನನಗೆ ಸ್ಕ್ರೂ ಲೂಸು ಎಂದು ಗಂಡ ಮದುವೆಯಾದಾಗಿನಿಂದ ಹೇಳುತ್ತಿದ್ದರು. ಈಗ ಫಿಲ್ಮ್ ಸಮೇತ ಸಾಕ್ಷಿ ಸಿಕ್ಕಿತು. ನಾನೂ ನಕ್ಕೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನನಗೆ ವಿಪರೀತ ಭಯ. ಮೊದಲ ಸಲ ಏನೂ ಗೊತ್ತಿಲ್ಲದೆ ಹೋಗಿ ಮಲಗಿದ್ದೆ. ಈಗ ಎಲ್ಲ ಗೊತ್ತು. ಅದಕ್ಕೇ ನೆಪ ಹುಡುಕಿದೆ. ಮೊದಲು ಪಿತೃಪಕ್ಷ ಅಡ್ಡ ಬಂತು. ಆಮೇಲೆ ಅವರೆಕಾಯಿ ಕಾಲ. ಮನೆಯಲ್ಲಿ ಹಿತಕಿದ ಬೇಳೆ ಸಾರು ಕುದಿಯುವಾಗ ಆಸ್ಪತ್ರೆಯ ಗಂಜಿ ಕುಡಿಯುವುದು ಪಾಪವೆಂದು ವಾದಿಸಿದೆ. ಕೊನೆಗೆ ಮಗಳ ಪರೀಕ್ಷೆ. ಅದೂ ಮುಗಿದುಹೋಯಿತು.

ಆಗ ಅತ್ತೆ, ಊರಿಗೆ ಹೋಗಿ ಅಮ್ಮನ ಹತ್ತಿರ ಹೂ ಕೇಳಿಕೊಂಡು ಬರೋಣ ಎಂದರು. ನಮ್ಮ ಕಡೆ ಯಾವ ದೊಡ್ಡ ಕೆಲಸಕ್ಕೂ ಗ್ರಾಮದೇವತೆಯ ಅಪ್ಪಣೆ ಬೇಕು. ಪೂಜಾರಿ ಅಮ್ಮನ ಎರಡೂ ಭುಜದ ಮೇಲೆ ಒದ್ದೆ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆ ಬಿದ್ದರೆ ಆಗಲಿ ಎಂದರ್ಥ, ಎಡಗಡೆ ಬಿದ್ದರೆ ಬೇಡ. ನಾನು ಒಳಗೊಳಗೇ ಹಿಗ್ಗಿದೆ. ಏಕೆಂದರೆ ನಮ್ಮ ಅಮ್ಮನ ವಿಗ್ರಹ ಎಡಕ್ಕೆ ಒಂದಿಷ್ಟು ವಾಲಿದೆ. ಸೊಟ್ಟ ಬೆನ್ನು ಗುರುತಿಸುವುದರಲ್ಲಿ ನನ್ನ ಕಣ್ಣು ಪಳಗಿದ್ದು. ಮದುವೆಯಾದ ಹೊಸತರಲ್ಲೇ ಕಂಡುಹಿಡಿದಿದ್ದೆ. ನಾನು ನೋಡಿದಾಗಲೆಲ್ಲ ಬಿದ್ದದ್ದು ಎಡಗಡೆಯ ಹೂವೇ. ಆ ಊರಿನ ಎಷ್ಟೋ ಬೋರ್‌ವೆಲ್ಲು, ಎಷ್ಟೋ ಸಂಬಂಧ ಹೀಗೆಯೇ ನಿಂತುಹೋಗಿವೆ.

ಗುಡಿಯಲ್ಲಿ ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಏನೋ ಗೊಣಗಿಕೊಂಡರು. ಕರ್ಪೂರ ಆರುವ ಮೊದಲೇ ಎಡಗಡೆಯ ಸೇವಂತಿಗೆ ಟಪ್ಪನೆ ಬಿತ್ತು. ನಾನು ಆದಷ್ಟು ಸಪ್ಪೆ ಮುಖ ಮಾಡಿಕೊಂಡು, “ಏನ್ಮಾಡೋದು ಅತ್ತೆ, ಅಮ್ಮನೇ ಬೇಡ ಅಂದ್ಬಿಟ್ರು” ಎಂದೆ.

ಅತ್ತೆ ಹೂವನ್ನು ಕಣ್ಣಿಗೊತ್ತಿಕೊಂಡು ನನ್ನ ಮುಡಿಗೆ ಸಿಕ್ಕಿಸಿದರು. “ಆಪರೇಸನ್ ಮಾಡಿಸ್ದೆ ಇವ್ಳನ್ನ ಹಿಂಗೇ ಬಿಟ್ಬಿಡ್ಲಾ ತಾಯಿ ಅಂತ ಕೇಳ್ದೆ ಕಣವ್ವ. ಬೇಡ ಅಂದ್ಲು.”

ಮೆಟ್ಟಿಲಿಳಿಯುವಾಗ ಅವರು ನನ್ನ ರಟ್ಟೆ ಹಿಡಿದುಕೊಂಡು, ಪೂಜಾರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: “ಅಮ್ಮ ವಾಲ್ಕೊಂಡವ್ಳೆ ಅಂತ ನಿಂಗೊಬ್ಳಿಗೇ ಗೊತ್ತು ಅನ್ಕೊಂಡಿದ್ಯಾ? ಈ ಊರಿಗ್ ಸೊಸೆಯಾಗಿ ಬಂದಾಗ್ಲಿಂದ ನೋಡ್ತಾ ಇವ್ನಿ. ನೀನು ನಿನ್ ಕಾಲ್ ಮೇಲೆ ಓಡಾಡ್ಕೊಂಡಿದ್ರೆ ನಂಗಷ್ಟೇ ಸಾಕು.” ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅಮ್ಮನನ್ನೇ ಬುಟ್ಟಿಗೆ ಹಾಕಿಕೊಳ್ಳಲು ಹೋದವಳು ನಾನು. ಬುಟ್ಟಿ ಆಗಲೇ ಅತ್ತೆಯ ಕೈಯಲ್ಲಿತ್ತು.

ಸೋಮವಾರ ಆಸ್ಪತ್ರೆಗೆ ಸೇರುತ್ತಿದ್ದೇನೆ. ಭಯ ಇದ್ದಲ್ಲೇ ಇದೆ. ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಅತ್ತೆ ನನ್ನ ಕೈ ಹಿಡಿದುಕೊಂಡೇ ಬರುತ್ತಾರಂತೆ. ಸೊಸೆಗೆ ಧೈರ್ಯವಿರಲಿ ಎಂದು ನೆಂಟರಿಗೆಲ್ಲ ಹೇಳಿದ್ದಾರೆ. ಸೊಸೆ ಓಡಿಹೋಗದಿರಲಿ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು.